ಫ್ಲಾಸ್ಕಿನಲ್ಲಿ ಚುಕ್ಕಿಬಾಲ

ಮನೆಯ ನೀರಿನ ಮೋಟಾರು ಹಿಂದಿನ ಸಂಜೆ ಸುಟ್ಟುಹೋಗದೇ ಇದ್ದಿದ್ದರೆ ಮೀನು ಡಾಕ್ಟ್ರ ಮಾನ ಉಳಿಯುತ್ತಿತ್ತು. ಮೋಟಾರಿಗೂ ಮಾನಕ್ಕೂ ಎಲ್ಲಿಗೆಲ್ಲಿಯ ಸಂಬಂಧ ಅಂತ ಹುಬ್ಬೇರಿಸಬೇಡಿ, ಅದನ್ನೇ ಹೇಳೋಕೆ ಕೂತಿದ್ದೀನಿ.

ಮೀನು ಡಾಕ್ಟ್ರು ಅಂತ ಹೆಸರಿಟ್ಟವರು ಬೀದಿಯ ಜನ. ಅವರೇನು ರೋಗ ನೋಡುವ ಡಾಕ್ಟರಲ್ಲ, ಸಿಹಿನೀರಿನ ಮೀನುಗಳ ಮೇಲೆ ಸಂಶೋಧನೆ ಮಾಡಿದ ವಿಜ್ಞಾನಿ. ಆದರೂ ಬೀದಿಯಲ್ಲಿ ಯಾರಿಗೆ ಕೆಮ್ಮು ಬಂದರೂ ಮೊದಲು ಬಡಿಯುತ್ತಿದ್ದದ್ದು ಅವರ ಬಾಗಿಲನ್ನೇ. "ನನಗೆ ಮನುಷ್ಯರದ್ದು ಗೊತ್ತಿಲ್ಲಪ್ಪಾ" ಅಂದರೆ, "ಪರವಾಗಿಲ್ಲ, ಮೀನಿಗೆ ಏನು ಕೊಡ್ತೀರೋ ಅದನ್ನೇ ಸ್ವಲ್ಪ ಜಾಸ್ತಿ ಕೊಡಿ" ಅನ್ನುತ್ತಿದ್ದರು.

ಡಾಕ್ಟ್ರ ಬದುಕು ನಿಂತಿದ್ದದ್ದು ಒಂದೇ ಒಂದು ಮೀನಿನ ಮೇಲೆ. ಕಿರುಬೆರಳಿನಷ್ಟುದ್ದ, ಬಾಲದ ಬುಡದಲ್ಲೊಂದು ಕಪ್ಪು ಬೊಟ್ಟು, ಹೆಸರು ಚುಕ್ಕಿಬಾಲ. ಊರಾಚೆಯ ಒಂದು ಹಳ್ಳ ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇರಲಿಲ್ಲ. ಇಪ್ಪತ್ತಮೂರು ವರ್ಷದ ಹಿಂದೆ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಡಾಕ್ಟ್ರು ಆ ಹಳ್ಳಕ್ಕೆ ಬಲೆ ಹಾಕಿ ಮೂರು ಚುಕ್ಕಿಬಾಲ ಹಿಡಿದು, ಗುರುಗಳು ಹೇಳಿಕೊಟ್ಟ ಹಾಗೆ ನೇರವಾಗಿ, ಮೀನು ಕೊಳೆಯದ ಹಾಗೆ ಇಡುವ ಫಾರ್ಮಲಿನ್ ಬಾಟಲಿಗೆ ಇಳಿಸಿದ್ದರು. ಆಮೇಲೆ ಹಳ್ಳಕ್ಕೆ ಊರಿನ ಕೊಳಚೆ ತಿರುಗಿತು. ನಲವತ್ತೊಂದು ಹಳ್ಳ, ಆರು ನದಿ ಜಾಲಾಡಿದರೂ ನಾಲ್ಕನೆಯದು ಸಿಗಲಿಲ್ಲ. ಹದಿನೆಂಟು ವರ್ಷದ ಹಿಂದೆ ಡಾಕ್ಟ್ರು, ಚುಕ್ಕಿಬಾಲ ನಿರ್ನಾಮವಾಗಿದೆ ಅಂತ ಸಾರುವ ಪ್ರಬಂಧ ಬರೆದರು. ಆ ಪ್ರಬಂಧದಿಂದ ಕೆಲಸ ಸಿಕ್ಕಿತು, ಬಡ್ತಿ ಸಿಕ್ಕಿತು, ದೇಶ ವಿದೇಶದ ಸಭೆಗಳಲ್ಲಿ ನಿಂತು ಕಣ್ಣೊರೆಸಿಕೊಳ್ಳುವ ಭಾಗ್ಯವೂ ಸಿಕ್ಕಿತು. ಬದುಕಿದ್ದಾಗ ಯಾರಿಗೂ ಬೇಡವಾಗಿದ್ದ ಮೀನು ಸತ್ತ ಮೇಲೆ ಒಂದು ಸಂಸಾರವನ್ನೇ ಸಾಕಿತು.

ಅವತ್ತು ಸಂಜೆ ಐದಕ್ಕೆ ಅವರ ಸಂಸ್ಥೆಯಲ್ಲಿ ಚುಕ್ಕಿಬಾಲ ಸ್ಮಾರಕ ಕೇಂದ್ರದ ಉದ್ಘಾಟನೆ. ಡಾಕ್ಟ್ರೇ ಅದರ ಮುಖ್ಯಸ್ಥರು. ಕಪ್ಪು ಕಲ್ಲಿನ ಫಲಕ ಸಿದ್ಧವಾಗಿತ್ತು. ಅಂಥ ದಿನ ಬೆಳಿಗ್ಗೆ ನಲ್ಲಿಯಲ್ಲಿ ತೊಟ್ಟು ನೀರಿಲ್ಲ. ತಮ್ಮದೇ ಸಂಪಿನ ಮುಚ್ಚಳ ತೆಗೆದು ಸೇದಬಹುದು ಅನ್ನೋದು ಡಾಕ್ಟ್ರಿಗೆ ಹೊಳೆಯಲೇ ಇಲ್ಲ.

ಪಕ್ಕದ ಮನೆಯ ರಿಟೈರ್ಡ್ ಪೋಸ್ಟ್‌ಮಾಸ್ಟರು ತಮ್ಮ ಸಂಪಿನಿಂದ ಒಂದು ಬಕೆಟ್ ನೀರು ಎತ್ತಿ ಕೊಟ್ಟರು. ಡಾಕ್ಟ್ರು ಅದರಿಂದ ಒಂದು ಮಗ್ಗು ತುಂಬಿಕೊಂಡು ಕನ್ನಡಿ ಮುಂದೆ ನಿಂತು ಒಂದು ಕೆನ್ನೆ ಬೋಳಿಸಿದರು. ಬ್ಲೇಡು ಅದ್ದೋಣ ಅಂತ ಮಗ್ಗಿಗೆ ಕೈ ಹಾಕಿದರೆ ಬೆರಳಿಗೆ ಏನೋ ಪುಳಕ್ ಅಂತ ತಾಗಿತು. ಬಗ್ಗಿ ನೋಡಿದರು. ಒಂದು ಮೀನು.

ಬಾಲದ ಬುಡದಲ್ಲಿ ಕಪ್ಪು ಬೊಟ್ಟು.

ಕೆನ್ನೆಯ ಸೋಪು ಒರೆಸಿಕೊಳ್ಳದೆ ಓಡಿಹೋಗಿ ಭೂತಗನ್ನಡಿ ತಂದರು. ಪಕ್ಕೆಯ ಗೆರೆಯ ಮೇಲಿನ ಹುರುಪೆ ಎಣಿಸಿದರು, ಇಪ್ಪತ್ತನಾಲ್ಕು. ಬೆನ್ನಿನ ರೆಕ್ಕೆಯ ಕಡ್ಡಿ ಎಣಿಸಿದರು, ಎಂಟು. ಅನುಮಾನವೇ ಬೇಡ, ಚುಕ್ಕಿಬಾಲವೇ. ಆದರೆ ಎಂಥ ಬಣ್ಣ! ಹಸಿರು ಬಂಗಾರದ ಬೆನ್ನು, ಪಕ್ಕದಲ್ಲೊಂದು ಕೆಂಪು ಗೆರೆ. ಬಾಟಲಿಯೊಳಗಿದ್ದ ಮೂರೂ ಒಗೆದು ಒಗೆದು ಬಣ್ಣ ಹೋದ ಬಟ್ಟೆಯ ಹಾಗೆ ಬಿಳುಚಿ, ಸೊಟ್ಟಗಾಗಿದ್ದವು. ಪುಸ್ತಕ, ಪತ್ರಿಕೆ, ಭಿತ್ತಿಚಿತ್ರ ಎಲ್ಲದರಲ್ಲೂ ಅಚ್ಚಾಗಿದ್ದದ್ದು ಆ ಸೊಟ್ಟ ಬಿಳಿ ಮೀನುಗಳದ್ದೇ ಫೋಟೋ. ಚುಕ್ಕಿಬಾಲಕ್ಕೆ ಬಣ್ಣವಿತ್ತು ಅನ್ನೋದೇ ಡಾಕ್ಟ್ರಿಗೆ ಮರೆತುಹೋಗಿತ್ತು.

ಇಷ್ಟು ವರ್ಷ ಈ ಮೀನಿಗಾಗಿ ಅತ್ತು ಕರೆದ ಮನುಷ್ಯ ಕುಣಿದಾಡಬೇಕಿತ್ತು ತಾನೆ? ಕುಣಿಯಲಿಲ್ಲ. ಮನಸ್ಸಿಗೆ ಬಂದ ಮೊದಲ ಮಾತು, "ಅಯ್ಯೋ ಪಾಪಿ, ನಿನಗೆ ಇವತ್ತೇ ಬದುಕಿರಬೇಕಿತ್ತಾ?"

ಮಾತು ಬಂದ ಮರುಗಳಿಗೆಯಲ್ಲೇ ಅವರಿಗೆ ನಾಚಿಕೆಯಾಯಿತು. ಕನ್ನಡಿಯಲ್ಲಿ ಅರ್ಧ ಬೋಳಿಸಿದ ತಮ್ಮ ಮುಖ ಕಂಡು, ಕನ್ನಡಿಗೇ ಬೆನ್ನು ಮಾಡಿ ನಿಂತರು.

"ರೀ, ಒಳಗೇನು ನಿದ್ದೆ ಮಾಡ್ತಿದೀರಾ? ಸ್ಕೂಲಿಗೆ ಹೊತ್ತಾಯ್ತು ನನಗೆ," ಹೊರಗಿನಿಂದ ಹೆಂಡತಿ ಕೂಗಿದರು. ಅವರು ಗಣಿತದ ಟೀಚರು. ಒಂಬತ್ತು ನಿಮಿಷ ಅಂದರೆ ಅವರಿಗೆ ಒಂಬತ್ತೇ ನಿಮಿಷ.

"ಬಂದೆ ಬಂದೆ!"

ಹೇಳಿಬಿಡಲೇ? ಹೇಳಿದರೆ ಸಂಜೆಯ ಸಭೆ ಹೋಯಿತು, ಸ್ಮಾರಕ ಹೋಯಿತು, ಹದಿನೆಂಟು ವರ್ಷದ ಪ್ರಬಂಧ ಕಸದ ಬುಟ್ಟಿಗೆ ಹೋಯಿತು. ಇವರನ್ನು ಕಂಡರೆ ಜನ ನಗುತ್ತಾರೆ. ಹೇಳದಿದ್ದರೆ? ಹೇಳದಿದ್ದರೆ ಬೆಳಿಗ್ಗೆ ಎದ್ದು ಕನ್ನಡಿ ಹೇಗೆ ನೋಡೋದು? ಸಂಜೆಯೊಳಗೆ ಏನಾದರೂ ದಾರಿ ಹೊಳೆದೀತು ಅಂದುಕೊಂಡು ಅಡುಗೆಮನೆಯ ಸ್ಟೀಲ್ ಫ್ಲಾಸ್ಕ್ ತಂದು, ಬಕೆಟ್ಟಿನ ನೀರನ್ನೇ ತುಂಬಿಸಿ, ಮೀನನ್ನು ಅದರೊಳಗೆ ಬಿಟ್ಟರು. ಮುಚ್ಚಳ ಸಡಿಲವಾಗಿ ತಿರುಗಿಸಿದರು.

ಹಜಾರಕ್ಕೆ ಬಂದರೆ ಹೆಂಡತಿ ಎದುರಿಗೇ.

"ಫ್ಲಾಸ್ಕ್ ಯಾಕೆ?"

"ಗಂಟಲು ಕೆಟ್ಟಿದೆ. ಬಿಸಿನೀರು."

"ನೀವು ಒಲೆ ಹಚ್ಚಿದ್ದೇ ನಾನು ನೋಡ್ಲಿಲ್ಲ. ತಣ್ಣೀರು ಹಾಕ್ಕೊಂಡಿರ್ತೀರಿ, ಕೊಡಿ ಇಲ್ಲಿ. ಈಗಷ್ಟೇ ಕುದಿದಿದೆ, ಹಾಕ್ಕೊಡ್ತೀನಿ." ಅಂದವರೇ ಕೆಟಲ್ ಎತ್ತಿಕೊಂಡು ಬಂದೇಬಿಟ್ಟರು.

ಡಾಕ್ಟ್ರು ಫ್ಲಾಸ್ಕನ್ನು ಮಗುವಿನ ಹಾಗೆ ಎದೆಗೆ ಅವುಚಿಕೊಂಡು ಮೂರು ಹೆಜ್ಜೆ ಹಿಂದೆ ಸರಿದರು. "ಬೇಡ! ಬಿಸಿ ಇದೆ! ಸುಡ್ತಾ ಇದೆ!"

"ಸುಡ್ತಾ ಇದ್ರೆ ಯಾಕ್ರೀ ಹಾಗೆ ತಬ್ಬಿಕೊಂಡಿದೀರಿ?"

ಡಾಕ್ಟ್ರು ಹಲ್ಲು ಕಿರಿದು, ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಇಳಿದರು. ಇನ್ನೊಂದು ಕೆನ್ನೆ ಬೋಳಿಸುವುದು ಹಾಗೇ ಉಳಿಯಿತು.

ಗೇಟಿನ ಹೊರಗೆ ಪೋಸ್ಟ್‌ಮಾಸ್ಟರು ಸ್ಕೂಟರ್ ಸ್ಟಾರ್ಟ್ ಮಾಡಿಕೊಂಡೇ ನಿಂತಿದ್ದರು. ಮೂವತ್ತಾರು ವರ್ಷ ಮುದ್ರೆ ಒತ್ತಿದ ಕೈ, ರಿಟೈರಾದ ಮೇಲೆ ಒತ್ತೋಕೆ ಏನೂ ಇಲ್ಲದೆ ಬೀದಿಯವರ ವ್ಯವಹಾರಕ್ಕೆಲ್ಲ ಮುದ್ರೆ ಒತ್ತುತ್ತಿತ್ತು. "ಹತ್ತಿ ಡಾಕ್ಟ್ರೇ, ಇವತ್ತಾದ್ರೂ ನಾನು ಬಿಡ್ತೀನಿ. ಸಂಜೆ ಇಡೀ ಬೀದಿ ಬರ್ತಾ ಇದೆ. ಟೈಲರ್ ಅಕ್ಕ ಅಂತೂ ಅಂಗಡಿ ಮುಚ್ಚಿ ಬರ್ತಾರಂತೆ. ಅಂದ ಹಾಗೆ, ಅರ್ಧ ಗಡ್ಡ ಹೊಸ ಫ್ಯಾಷನ್ನಾ?"

"ನೀರು ಮುಗಿದುಹೋಯ್ತು," ಅಂತ ಡಾಕ್ಟ್ರು ಹಿಂದೆ ಹತ್ತಿ ಕೂತರು, ಸ್ಕೂಟರ್ ಹೊರಟಿತು.

"ಕೇಳಿದ್ರೆ ಇನ್ನೊಂದು ಬಕೆಟ್ ಕೊಡ್ತಿರಲಿಲ್ವಾ? ನಮ್ಮ ಸಂಪಿನ ನೀರು ಹೇಗಿತ್ತು? ಕನ್ನಡಿ ಅಲ್ವಾ ಕನ್ನಡಿ?"

"ಚೆನ್ನಾಗಿತ್ತು. ಸಂಪಲ್ಲಿ ಏನಾದ್ರೂ... ಹುಳಗಿಳ..."

ಸ್ಕೂಟರ್ ಗಕ್ಕನೆ ನಿಂತಿತು. "ಹುಳಾನಾ? ನಮ್ಮ ಸಂಪಲ್ಲಾ? ಡಾಕ್ಟ್ರೇ, ನೀರು ಇಸ್ಕೊಂಡು ಹೀಗನ್ನಬಹುದಾ?"

"ಇಲ್ಲ ಇಲ್ಲ, ಸುಮ್ಮನೆ ಕೇಳಿದೆ."

ಇನ್ನೊಂದು ಪ್ರಶ್ನೆ ಕೇಳಿದ್ದಿದ್ದರೆ ಎಲ್ಲ ತಿಳಿದುಹೋಗುತ್ತಿತ್ತು. ಡಾಕ್ಟ್ರು ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಟ್ಟೀತು ಅನ್ನೋ ಹೆದರಿಕೆ. ದಾರಿಯುದ್ದಕ್ಕೂ ತೊಡೆಯ ಮೇಲಿದ್ದ ಫ್ಲಾಸ್ಕಿನಿಂದ ಟಕ್ ಟಕ್ ಅಂತ ಸಣ್ಣ ಸದ್ದು ಬರುತ್ತಲೇ ಇತ್ತು. ಮೀನು ಮೂತಿಯಿಂದ ಕುಟ್ಟುತ್ತಿತ್ತೋ, ಅವರ ಎದೆಯೇ ಕುಟ್ಟುತ್ತಿತ್ತೋ, ಅವರಿಗೇ ತಿಳಿಯಲಿಲ್ಲ.

ಆಫೀಸಿನಲ್ಲಿ ಅವರ ಕೋಣೆ ಹಂಚಿಕೊಂಡಿದ್ದವರು ಕಪ್ಪೆ ವಿಜ್ಞಾನಿ. ಕಪ್ಪೆಗಳ ಕೂಗು ರೆಕಾರ್ಡ್ ಮಾಡಿ ಮಾಡಿ ತಾವೂ ಹಾಗೇ ಮಾತಾಡೋಕೆ ಶುರುಮಾಡಿದ್ದವರು, ಒಂದು ಸಲ ಬಾಯಿ ತೆಗೆದರೆ ಇಡೀ ಕಟ್ಟಡಕ್ಕೆ ಕೇಳಿಸುತ್ತಿತ್ತು.

"ಓಹೋ, ಫ್ಲಾಸ್ಕು! ಬಿಸಿನೀರಾ ಸರ್? ಒಂದು ಗುಟುಕು ಕೊಡಿ, ರಾತ್ರಿಯಿಂದ ನನಗೂ ಗಂಟಲು ಗರಗರ."

"ಬೇಡ. ಇದರಲ್ಲಿ ಔಷಧಿ ಹಾಕಿದೀನಿ."

"ಯಾವುದಕ್ಕೆ ಔಷಧಿ?"

ಡಾಕ್ಟ್ರಿಗೆ ಗಾಬರಿಯಲ್ಲಿ ಬೇರೆ ಯಾವ ಕಾಯಿಲೆಯೂ ನೆನಪಾಗಲಿಲ್ಲ. ಮನೆಯಲ್ಲಿ ಮಾವನವರಿಗಿದ್ದದ್ದು ನೆನಪಾಯಿತು. "ಮೂಲವ್ಯಾಧಿಗೆ," ಅಂದುಬಿಟ್ಟರು.

ಕಪ್ಪೆ ವಿಜ್ಞಾನಿ ಮರುಕದಿಂದ ತಲೆಯಾಡಿಸಿದರು. "ಅದಕ್ಕೆ ಬಿಸಿನೀರು ಕುಡಿಯೋದಲ್ಲ ಸರ್, ಕೂರೋದು!"

ಹತ್ತು ನಿಮಿಷದಲ್ಲಿ ಸುದ್ದಿ ಮೂರು ಮಹಡಿ ಹತ್ತಿಳಿಯಿತು. ಅಕೌಂಟ್ಸ್ ವಿಭಾಗದವರೊಬ್ಬರು ನಡುವೆ ತೂತಿರುವ ರಬ್ಬರ್ ದಿಂಬು ತಂದು, ಮಾತಿಲ್ಲದೆ ಅವರ ಕುರ್ಚಿಯ ಮೇಲಿಟ್ಟು ಹೋದರು. ಲೈಬ್ರರಿಯವರು ಬಾಗಿಲಲ್ಲಿ ಇಣುಕಿ, "ಸಂಜೆ ಭಾಷಣ ನಿಂತೇ ಮಾಡಿ ಸರ್" ಅಂತ ಹೇಳಿಹೋದರು. ಡಾಕ್ಟ್ರು ದಿಂಬಿನ ಮೇಲೆ ಕೂತುಕೊಂಡರು. ಕೂರದಿದ್ದರೆ ಸುಳ್ಳು ಬಯಲಾಗುತ್ತಿತ್ತಲ್ಲ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಫ್ಲಾಸ್ಕಿನ ಮುಚ್ಚಳ ತೆಗೆದು ನೋಡಿದರು. ಕತ್ತಲೆಯ ತಳದಿಂದ ಚುಕ್ಕಿಬಾಲ ಮೇಲೆ ಬಂದು, ಬಾಯಿ ತೆರೆದು ಮುಚ್ಚಿ ಮಾಡಿತು. ಅದು ಗಾಳಿಗಾಗಿ ಅಂತ ವಿಜ್ಞಾನಿಗೆ ಗೊತ್ತಿತ್ತು. ಆದರೂ ಏನೋ ಕೇಳುತ್ತಿದೆ ಅನ್ನಿಸಿತು. ಇದೊಂದು ಇಲ್ಲದಿದ್ದರೆ? ಕಂಡವರು ಯಾರೂ ಇಲ್ಲ. ಕಟ್ಟಡದ ಹಿಂದೆ ಮೀನುತೊಟ್ಟಿಗಳ ನೀರು ಹರಿದುಹೋಗುವ ಚರಂಡಿಯಿತ್ತು. ತಿಳಿನೀರೇ, ತೋಟಕ್ಕೆ ಹೋಗುತ್ತಿತ್ತು. ಕೊಲ್ಲುವುದಲ್ಲ, ಬಿಡುಗಡೆ ಮಾಡುವುದು ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡು, ಸುತ್ತ ನೋಡಿ, ಫ್ಲಾಸ್ಕು ಬಗ್ಗಿಸಿಬಿಟ್ಟರು.

ಹೌದು, ಬಗ್ಗಿಸಿಬಿಟ್ಟರು. ನಾನು ಅವರ ಪರ ವಹಿಸಿ ಮಾತಾಡೋಕೆ ಹೋಗಲ್ಲ.

ಮೀನು ನೀರಿಗೆ ಬಿದ್ದು, ಒಮ್ಮೆ ಸುತ್ತಿ, ಹರಿವಿಗೆ ಎದುರಾಗಿ ನಿಂತು ಈಜಿತು. ಬಿಸಿಲಿಗೆ ಅದರ ಬೆನ್ನು ಫಳ್ ಅಂತ ಹೊಳೆಯಿತು. ಇಪ್ಪತ್ತಮೂರು ವರ್ಷದ ಹಿಂದೆ ಹಳ್ಳದಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತು ಮೊದಲ ಸಲ ಕಂಡಾಗಲೂ ಹೀಗೇ ಹೊಳೆದಿತ್ತು. ಅವತ್ತು ಎಷ್ಟು ಖುಷಿಯಾಗಿತ್ತೆಂದರೆ, ಇನ್ನೂ ಡಾಕ್ಟ್ರಾಗಿರದ ಆ ಹುಡುಗ ಒಬ್ಬನೇ ಜೋರಾಗಿ ನಕ್ಕಿದ್ದ. ಆ ಹುಡುಗ ಈಗ ಎದುರಿಗೆ ಬಂದು ನಿಂತು ಕೇಳಿದ ಹಾಗಾಯಿತು, ಏನು ಮಾಡ್ತಿದೀಯ ಅಂತ.

"ಥೂ ನನ್ನ ಜನ್ಮಕ್ಕೆ!" ಅಂತ ಡಾಕ್ಟ್ರು ಬಾಯಿಬಿಟ್ಟೇ ಹೇಳಿಕೊಂಡರು. ಕ್ಯಾಂಟೀನಿಗೆ ಓಡಿಹೋಗಿ ಟೀ ಸೋಸುವ ಜಾಲರಿ ಕಿತ್ತುಕೊಂಡು ಬಂದು, ಸಂಜೆಯ ಸಭೆಗೆಂದೇ ಹಾಕಿಕೊಂಡಿದ್ದ ಹೊಸ ಪ್ಯಾಂಟು ಮಡಿಸಿ, ಚರಂಡಿಗೆ ಇಳಿದರು. ಪಾಚಿಗೆ ಕಾಲು ಜಾರಿ ಮೊದಲ ಹೆಜ್ಜೆಯಲ್ಲೇ ಕೂತುಬಿಟ್ಟರು.

ಮೇಲಿನ ಕಿಟಕಿಯಿಂದ ಕೂಗು ಬಂತು. "ಸರ್! ಕೂರೋಕೆ ಹೇಳಿದ್ದು ಬಿಸಿನೀರಲ್ಲಿ! ಚರಂಡಿಯಲ್ಲಲ್ಲ!"

ಕಪ್ಪೆ ವಿಜ್ಞಾನಿಯ ದನಿ ಕೇಳಿ ಹತ್ತು ಕಿಟಕಿ ತೆರೆದವು. ಇಪ್ಪತ್ತು ಜನ ಕೆಳಗೆ ಬಂದರು.

"ಏನು ಬಿತ್ತು ಸರ್?"

"ಉಂಗುರ," ಅಂದರು ಡಾಕ್ಟ್ರು. ಬೆಳಿಗ್ಗೆಯಿಂದ ಇದು ನಾಲ್ಕನೆಯ ಸುಳ್ಳೋ ಐದನೆಯದೋ, ಲೆಕ್ಕ ತಪ್ಪಿತ್ತು.

ಪಾಪ, ಒಳ್ಳೆಯ ಜನ. ಉಂಗುರ ಅಂದ ಕೂಡಲೇ ಪ್ಯಾಂಟು ಮಡಿಸಿ ಎಲ್ಲರೂ ಚರಂಡಿಗೆ ಇಳಿದರು. ಇಳಿದ ಒಂದೊಂದು ಕಾಲಿಗೂ ಡಾಕ್ಟ್ರ ಜೀವ ಬಾಯಿಗೆ ಬರುತ್ತಿತ್ತು. "ಮೆಲ್ಲಗೆ! ತುಳೀಬೇಡಿ!" ಅಂತ ಕೂಗುತ್ತಾ, ಜನರ ಕಾಲುಗಳ ನಡುವೆ ತೆವಳಿ, ಒಂದು ಕಲ್ಲಿನ ಮರೆಯಲ್ಲಿದ್ದ ಚುಕ್ಕಿಬಾಲವನ್ನು ಜಾಲರಿಯಿಂದ ಎತ್ತಿ, ಚರಂಡಿಯ ನೀರೇ ತುಂಬಿದ ಫ್ಲಾಸ್ಕಿಗೆ ಸೇರಿಸಿದರು. ಮುಚ್ಚಳ ಹಾಕಿ ಉಸಿರು ಬಿಡುವಷ್ಟರಲ್ಲಿ, "ಸಿಕ್ತು! ಸಿಕ್ತು!" ಅಂತ ಕಪ್ಪೆ ವಿಜ್ಞಾನಿ ಅರಚಿದರು. ಅವರ ಕೈಯಲ್ಲಿ ಕೆಂಪು ಹರಳಿನ ಉಂಗುರ.

ಡಾಕ್ಟ್ರು ಕಕ್ಕಾಬಿಕ್ಕಿಯಾದರು. ಅಷ್ಟು ಹೊತ್ತಿಗೆ ಗಲಾಟೆ ಕೇಳಿ ನಿರ್ದೇಶಕಿಯವರೇ ಬಂದಿದ್ದರು. ಉಂಗುರ ನೋಡಿದ್ದೇ ತಡ, ಅವರ ಕಣ್ಣು ತುಂಬಿತು.

"ಇದು ನಮ್ಮಮ್ಮನ ಉಂಗುರ! ಮೂರು ವರ್ಷದ ಹಿಂದೆ ಕಳಕೊಂಡಿದ್ದೆ! ಡಾಕ್ಟ್ರೇ, ನೀವು... ಇವತ್ತಿನಂಥ ದಿನ, ಹೊಸ ಬಟ್ಟೆ ಹಾಕ್ಕೊಂಡು, ಆ ಕಾಯಿಲೆ ಬೇರೆ ಇಟ್ಕೊಂಡು, ನನ್ನ ಉಂಗುರಕ್ಕೋಸ್ಕರ ಚರಂಡಿಗೆ ಇಳಿದ್ರಾ?"

"ಅದು... ಮೇಡಂ..."

"ಏನೂ ಹೇಳಬೇಡಿ. ನಿಮ್ಮಂಥ ಪ್ರಾಮಾಣಿಕರು ಇರೋದಕ್ಕೇ ಈ ಸಂಸ್ಥೆ ನಡೀತಾ ಇದೆ."

ಪ್ರಾಮಾಣಿಕರು! ಆ ಮಾತಿಗಿಂತ ಅವರು ಎರಡು ಏಟು ಹಾಕಿದ್ದರೆ ಡಾಕ್ಟ್ರಿಗೆ ಹಿತವಾಗಿರುತ್ತಿತ್ತು. ಸುತ್ತಲಿನವರು ಚಪ್ಪಾಳೆ ತಟ್ಟಿದರು. ಒದ್ದೆ ಪ್ಯಾಂಟಿನಲ್ಲಿ, ಅರ್ಧ ಗಡ್ಡದಲ್ಲಿ, ಕೈಯಲ್ಲಿ ಟೀ ಜಾಲರಿ ಹಿಡಿದು ಅವರು ತಲೆ ತಗ್ಗಿಸಿ ನಿಂತರು. ಎಂಥ ವಿನಯ ನೋಡಿ ಅಂತ ಯಾರೋ ಹಿಂದಿನಿಂದ ಹೇಳಿದರು.

ಸಂಜೆ ಐದಕ್ಕೆ ಸಭಾಂಗಣ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ದೊಡ್ಡವರು, ಪತ್ರಿಕೆಯವರು. ಮೂರನೆಯ ಸಾಲಿನಿಂದ ಹಿಂದಕ್ಕೆ ಡಾಕ್ಟ್ರ ಬೀದಿ ಪೂರ್ತಿ. ಹೆಂಡತಿ ಸ್ಕೂಲಿನಿಂದ ನೇರ ಬಂದು ಟೈಲರ್ ಅಕ್ಕನ ಪಕ್ಕ ಕೂತಿದ್ದರು. ವೇದಿಕೆಯ ಹಿಂದೆ ಗೋಡೆಯಗಲದ ಫೋಟೋ, ಫಾರ್ಮಲಿನ್ನಿನ ಸೊಟ್ಟ ಬಿಳಿ ಮೀನು. ಕೆಳಗೆ ದಪ್ಪಕ್ಷರದಲ್ಲಿ, ಇನ್ನೆಂದೂ ಕಾಣದ ಚುಕ್ಕಿಬಾಲ.

ನಿರ್ದೇಶಕಿಯವರು ಉಂಗುರದ ಕತೆಯನ್ನು ಪೂರ್ತಿ ಹೇಳಿದರು. "ಕಳೆದುಹೋಗಿದ್ದನ್ನ ಹುಡುಕಿ ಕೊಡೋದೇ ಇವರ ಗುಣ," ಅಂದರು. ಸಭೆ ಚಪ್ಪಾಳೆ ತಟ್ಟಿತು. ಡಾಕ್ಟ್ರು ಮೇಜಿನ ಕೆಳಗೆ ಎರಡು ಪಾದಗಳ ನಡುವೆ ಫ್ಲಾಸ್ಕು ಹಿಡಿದುಕೊಂಡು ಕೂತಿದ್ದರು. ಒಳಗಿನಿಂದ ಟಕ್ ಟಕ್ ನಿಂತು ಬಹಳ ಹೊತ್ತಾಗಿತ್ತು. ಸತ್ತುಹೋಯಿತೇನೋ ಅನ್ನಿಸಿದಾಗ, ಬೆಳಿಗ್ಗೆ ಬಂದ ಯೋಚನೆ ಮತ್ತೆ ಬರಲಿಲ್ಲ. ಬದಲಿಗೆ ಬಗ್ಗಿ, ಬದುಕಿರಲಿ ಅಂತ ಫ್ಲಾಸ್ಕನ್ನು ಮೆಲ್ಲಗೆ ತಟ್ಟಿದರು. ಇನ್ನು ಸಾಕು ಅಂದುಕೊಂಡರು.

ಭಾಷಣಕ್ಕೆ ಕರೆದಾಗ ಎದ್ದು, ಮೈಕಿನ ಮುಂದಿದ್ದ ಗಾಜಿನ ಹೂಜಿಗೆ ಫ್ಲಾಸ್ಕು ಬಗ್ಗಿಸಿದರು. ಮೀನು ಒಂದು ಗಳಿಗೆ ಓರೆಯಾಗಿ ತೇಲಿತು. ಆಮೇಲೆ ಬಾಲ ಬಡಿದು ನೇರವಾಯಿತು. ದೀಪದ ಬೆಳಕಿಗೆ ಬೆನ್ನಿನ ಬಂಗಾರ ಹೊಳೆಯಿತು.

"ಇದು ಚುಕ್ಕಿಬಾಲ," ಅಂದರು ಡಾಕ್ಟ್ರು. "ಬದುಕಿದೆ. ಇವತ್ತು ಬೆಳಿಗ್ಗೆ ನನಗೆ ಸಿಕ್ತು. ಸಿಕ್ಕಿದಾಗ ನನಗೆ ಸಂತೋಷ ಆಗಲಿಲ್ಲ. ಬೇಜಾರಾಯ್ತು. ನನ್ನ ಹೆಸರು ಹೋಗುತ್ತೆ ಅಂತ ಬಚ್ಚಿಟ್ಟೆ. ಮಧ್ಯಾಹ್ನ ಇದನ್ನ ಚರಂಡಿಗೆ ಬಿಟ್ಟೆ. ಉಂಗುರ ಹುಡುಕೋಕೆ ಇಳಿದದ್ದಲ್ಲ ಮೇಡಂ, ನಾನು ಮಾಡಿದ ಪಾಪ ಎತ್ತಿಕೊಳ್ಳೋಕೆ ಇಳಿದದ್ದು. ನನಗೆ ಮೂಲವ್ಯಾಧಿಯೂ ಇಲ್ಲ. ಹದಿನೆಂಟು ವರ್ಷ ನಿಮಗೆಲ್ಲ ತಪ್ಪು ಹೇಳಿದೀನಿ. ನನಗೆ ತುಂಬಾ ನಾಚಿಕೆಯಾಗ್ತಿದೆ. ಕ್ಷಮಿಸಿ."

ಪತ್ರಿಕೆಯವರ ಪೆನ್ನುಗಳು ನಿಂತವು. ಹಾಗೆ ನೋಡಿದರೆ ಕತೆ ಇಲ್ಲಿಗೆ ಮುಗಿದಿದ್ದರೂ ಡಾಕ್ಟ್ರ ಮರ್ಯಾದೆ ಒಂದಿಷ್ಟು ಉಳಿಯುತ್ತಿತ್ತು. ತಪ್ಪು ಒಪ್ಪಿಕೊಂಡ ಮನುಷ್ಯ ಅನ್ನೋ ಹೆಸರಾದರೂ ಬರುತ್ತಿತ್ತು.

ಟೈಲರ್ ಅಕ್ಕ ಎದ್ದು ನಿಂತರು. ಕನ್ನಡಕ ಸರಿಮಾಡಿಕೊಂಡು ಎರಡು ಹೆಜ್ಜೆ ಮುಂದೆ ಬಂದು ಹೂಜಿ ನೋಡಿದರು.

"ಅಯ್ಯೋ, ಇದಾ! ಇದು ನಮ್ಮ ಸಂಪಿನ ಮೀನಲ್ವಾ?"

"ನಿಮ್ಮ ಸಂಪಿನದೇನಕ್ಕ, ನಮ್ಮ ಸಂಪಲ್ಲೂ ಇದೆ," ಅಂದಿತು ಹಿಂದಿನ ಸಾಲು.

"ನಮ್ಮನೇಲಿ ನೂರಕ್ಕೂ ಮೇಲಿವೆ!"

ಪೋಸ್ಟ್‌ಮಾಸ್ಟರು ಎಲ್ಲರನ್ನೂ ಕೈಸನ್ನೆಯಿಂದ ಕೂರಿಸಿ ತಾವೇ ಎದ್ದರು. "ಡಾಕ್ಟ್ರೇ, ಇದನ್ನ ನಮ್ಮ ತಂದೆಯವರು ಹಳ್ಳದಿಂದ ತಂದದ್ದು. ಸೊಳ್ಳೆ ಮರಿ ತಿನ್ನುತ್ತೆ ಅಂತ ಸಂಪಿಗೆ ಬಿಟ್ರು. ಆಮೇಲೆ ಹೆಪ್ಪಿಗೆ ಮೊಸರು ಕೊಟ್ಟ ಹಾಗೆ ಮನೆಮನೆಗೆ ಕೊಟ್ವಿ. ಇಪ್ಪತ್ತೈದು ವರ್ಷದಿಂದ ನಮ್ಮ ಬೀದೀಲಿ ಸೊಳ್ಳೆನೇ ಇಲ್ಲ, ನೀವು ಗಮನಿಸಿಲ್ವಾ?"

"ಮತ್ತೆ... ಮತ್ತೆ ಯಾರೂ ನನಗೆ ಹೇಳ್ಲಿಲ್ಲ ಯಾಕೆ?" ಡಾಕ್ಟ್ರ ಬಾಯಿಂದ ಮಾತು ತೊದಲಿಕೊಂಡು ಬಂತು.

"ನೀವು ತೋರಿಸ್ತಾ ಇದ್ದಿದ್ದು ಅದನ್ನ." ಟೈಲರ್ ಅಕ್ಕ ಗೋಡೆಯ ಬಿಳಿ ಸೊಟ್ಟ ಮೀನಿನ ಕಡೆ ಬೆರಳು ತೋರಿಸಿದರು. "ಅದಕ್ಕೂ ಇದಕ್ಕೂ ಎಲ್ಲಿಯ ಹೋಲಿಕೆ? ಪಾಪ, ಯಾವುದೋ ಕಾಯಿಲೆ ಮೀನು ಅಂದುಕೊಂಡಿದ್ವಿ ನಾವು."

ಮೊದಲು ನಕ್ಕವರು ಯಾರೋ ಗೊತ್ತಿಲ್ಲ. ಆಮೇಲೆ ಇಡೀ ಸಭಾಂಗಣ ನಕ್ಕಿತು. ಕಪ್ಪೆ ವಿಜ್ಞಾನಿ ನಗುವಿನ ನಡುವೆಯೇ ಎದ್ದು, "ಸರ್, ನಲವತ್ತೊಂದು ಹಳ್ಳ, ಆರು ನದಿ ನೋಡಿದ್ರಿ. ಪಕ್ಕದ ಮನೆ ಸಂಪಿನ ಮುಚ್ಚಳ ಒಂದು ಸಲ ತೆಗೀಬಾರದಿತ್ತಾ?" ಅಂತ ಕೇಳಿದರು. ಡಾಕ್ಟ್ರಿಗೆ ನಿಂತ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ನೆಲ ಗಟ್ಟಿಯಾಗಿಯೇ ಇತ್ತು.

ನಿರ್ದೇಶಕಿಯವರು ಚುರುಕಿನ ಹೆಂಗಸು. ಪತ್ರಿಕೆಯವರು ಎದ್ದು ಹೋಗುವ ಮುಂಚೆಯೇ ಮೈಕು ಕಸಿದುಕೊಂಡರು. ಸ್ಮಾರಕ ಕೇಂದ್ರ ಇನ್ನು ಮುಂದೆ ಸಂರಕ್ಷಣಾ ಕೇಂದ್ರ. ಮೀನನ್ನು ಇಷ್ಟು ವರ್ಷ ಕಾಪಾಡಿದ ಪೋಸ್ಟ್‌ಮಾಸ್ಟರೇ ಅದರ ಗೌರವ ಪಾಲಕರು. ಅವರ ಲಿಖಿತ ಒಪ್ಪಿಗೆ ಇಲ್ಲದೆ ಒಂದು ಮೀನೂ ಅತ್ತಿತ್ತ ಹೋಗಕೂಡದು. ಡಾಕ್ಟ್ರಿಗಾಗಿ ಇಟ್ಟಿದ್ದ ಹೂಗುಚ್ಛ ಪೋಸ್ಟ್‌ಮಾಸ್ಟರ ಕೈಗೆ ಹೋಯಿತು. ಅವರು ನಲವತ್ತು ನಿಮಿಷ ಮಾತಾಡಿದರು.

"ಡಾಕ್ಟ್ರು ನಾಳೆಯಿಂದ ಮನೆಮನೆಗೆ ಹೋಗಿ ಮೀನು ಎಣಿಸ್ತಾರೆ," ಅಂತ ನಿರ್ದೇಶಕಿಯವರು ಮುಗಿಸಿದರು. "ಬೆಳಿಗ್ಗೆ ಒಂಬತ್ತಕ್ಕೆ ಅವರ ಮನೆಯಿಂದಲೇ ಶುರು. ಪತ್ರಿಕೆಯವರೂ ಬನ್ನಿ. ಮೀನಿನ ವಿಜ್ಞಾನಿಯ ಸಂಪು ಅಂದ್ಮೇಲೆ ಎಲ್ಲಕ್ಕಿಂತ ಜಾಸ್ತಿ ಅಲ್ಲೇ ಇರಬೇಕು, ಅಲ್ವಾ ಡಾಕ್ಟ್ರೇ?"

ಡಾಕ್ಟ್ರು ತಲೆಯಾಡಿಸಿದರು. ಅದೊಂದು ಆಸೆ ಉಳಿದಿತ್ತು. ಬೀದಿಯ ಎಲ್ಲ ಸಂಪಿನಲ್ಲೂ ಇರುವುದು ತಮ್ಮ ಸಂಪಿನಲ್ಲಿ ಇಲ್ಲದೇ ಇರುತ್ತದೆಯೇ? ನಾಳೆ ಪತ್ರಿಕೆಯಲ್ಲಿ ಮೀನಿನ ಜೊತೆ ಒಂದು ಫೋಟೋ ಬಂದರೆ ಹೋದ ಮಾನದಲ್ಲಿ ನಾಲ್ಕಾಣೆಯಾದರೂ ವಾಪಸ್ ಬಂದೀತು.

ಮನೆಗೆ ಬಂದ ಕೂಡಲೇ ಡಾಕ್ಟ್ರು ಟಾರ್ಚು ಹುಡುಕಿದರು. "ನಮ್ಮ ಸಂಪಲ್ಲೂ ಇರುತ್ತೆ ಅಲ್ವೇನೇ?"

"ಇದ್ವು," ಅಂದರು ಹೆಂಡತಿ. "ನಾವು ಈ ಮನೆಗೆ ಬಂದ ವಾರವೇ ಟೈಲರ್ ಅಕ್ಕ ಒಂದು ಚೊಂಬಲ್ಲಿ ತಂದುಕೊಟ್ರು. ನಾನೇ ಬಿಟ್ಟೆ. ದಿನಾ ಬೆಳಿಗ್ಗೆ ಮುಚ್ಚಳ ತೆಗೆದು ಒಂದು ಚಿಟಿಕೆ ಹಿಟ್ಟು ಹಾಕ್ತಿದ್ದೆ."

"ಹದಿನೆಂಟು ವರ್ಷ ಹಿಟ್ಟು ಹಾಕಿದೀಯ, ನನಗೆ ಒಂದು ಮಾತು ಹೇಳಲಿಲ್ಲ!"

"ಮೀನಿನ ಮಾತು ಎತ್ತಿದ್ರೆ ನೀವು ಎರಡು ಗಂಟೆ ನಿಲ್ಲಿಸಲ್ವಲ್ರೀ. ನನಗೆ ಅಡುಗೆ ಇರುತ್ತೆ, ಪೇಪರ್ ತಿದ್ದೋದಿರುತ್ತೆ."

"ಸರಿ, ಈಗ ಎಷ್ಟಿವೆ? ನೀನು ಎಣಿಸಿರ್ತೀಯ."

ಹೆಂಡತಿ ಅವರ ಕೈಯಿಂದ ಟಾರ್ಚು ತೆಗೆದುಕೊಂಡು ಆರಿಸಿದರು. ದನಿ ಮೆತ್ತಗಾಗಿತ್ತು. "ಹೋದ ತಿಂಗಳು ನೀವೇ ಅಲ್ವಾ, ನೀರಲ್ಲಿ ಏನೋ ವಾಸನೆ ಅಂತ ಆಳುಗಳನ್ನ ಕರೆಸಿ, ಬ್ಲೀಚಿಂಗ್ ಪೌಡರ್ ಸುರಿಸಿ ಸಂಪು ತೊಳೆಸಿದ್ದು? ನಾನು ಸ್ಕೂಲಿಂದ ಬರೋ ಹೊತ್ತಿಗೆ ಅರ್ಧ ಬಕೆಟ್ ಸತ್ತ ಮೀನು ಗೇಟಿನ ಹತ್ತಿರ ಇಟ್ಟಿದ್ರು. ನೀವು ಒಳಗೆ ಕೂತು ಇವತ್ತಿನ ಭಾಷಣ ಬರೀತಿದ್ರಿ."

ಡಾಕ್ಟ್ರು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. ಇಡೀ ಬೀದಿಯಲ್ಲಿ ಚುಕ್ಕಿಬಾಲ ನಿಜವಾಗಿ ನಿರ್ನಾಮವಾಗಿದ್ದದ್ದು ಒಂದೇ ಮನೆಯಲ್ಲಿ. ಬೆಳಿಗ್ಗೆ ಒಂಬತ್ತಕ್ಕೆ ಪತ್ರಿಕೆಯವರು ಬರುವುದೂ ಅದೇ ಮನೆಗೆ.

ಸ್ವಲ್ಪ ಹೊತ್ತು ಬಿಟ್ಟು ಎದ್ದು, ಒಂದು ಸ್ಟೀಲ್ ಪಾತ್ರೆ ಹಿಡಿದು ಪಕ್ಕದ ಮನೆಯ ಬಾಗಿಲು ತಟ್ಟಿದರು. ಪೋಸ್ಟ್‌ಮಾಸ್ಟರು ಹೂಗುಚ್ಛವನ್ನು ಬಾಟಲಿಯೊಂದರಲ್ಲಿ ನೀರಿಗೆ ಹಾಕುತ್ತಿದ್ದರು.

"ಸ್ವಾಮಿ, ನಿಮ್ಮ ಸಂಪಿಂದ ಒಂದೆರಡು ಮೀನು ಬೇಕಿತ್ತು. ಬೆಳಿಗ್ಗೆಯೊಳಗೆ."

ಪೋಸ್ಟ್‌ಮಾಸ್ಟರು ಪಾತ್ರೆ ನೋಡಿದರು. ಡಾಕ್ಟ್ರ ಮುಖ ನೋಡಿದರು. ಮೇಜಿನ ಖಾನೆಯಿಂದ ಒಂದು ಬಿಳಿ ಹಾಳೆ ತೆಗೆದು, ಅಂಚು ಸರಿಮಾಡಿ ಮುಂದಿಟ್ಟರು.

"ಹಾಗೆಲ್ಲ ಕೊಡೋಕೆ ಬರಲ್ಲ ಡಾಕ್ಟ್ರೇ, ಅಳಿವಿನಂಚಿನ ಮೀನು. ಯಾಕೆ ಬೇಕು, ಮುಂಚೆ ಇದ್ದದ್ದು ಏನಾಯ್ತು ಅಂತ ವಿವರವಾಗಿ ಒಂದು ಅರ್ಜಿ ಬರೀರಿ. ಪರಿಶೀಲಿಸಿ ಹೇಳ್ತೀನಿ."